ಮಸ್ಕತ್ತಿನಲ್ಲಿ ಕೊಜೊನಾಕ್ ಮಾಡಿದ ವರ್ಷಗಳು

ಬೇಕರಿ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಹತ್ತಿರ ಮೊದಲು ಕೇಳುವುದು ರೆಸಿಪಿಯನ್ನು. ಕೊಡುತ್ತೇನೆ. ಅದರಲ್ಲಿ ಬಚ್ಚಿಡುವಂಥದ್ದೇನೂ ಇಲ್ಲ. ಕೊಟ್ಟ ಮೇಲೆ, ನಾನು ಹಾಳು ಮಾಡಿದ ಹಿಟ್ಟಿನ ಕಥೆಯನ್ನೂ ಕೇಳಿಕೊಂಡು ಹೋಗಿ ಎನ್ನುತ್ತೇನೆ. ಹೆಚ್ಚಿನವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಈಗ ನಿವೃತ್ತನಾಗಿ ಮಸ್ಕತ್ತಿನಲ್ಲೇ ಮಗಳ ಮನೆಯಲ್ಲಿದ್ದೇನೆ. ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಹಗಲು ಬಹಳ ಉದ್ದ. ಹಾಗಾಗಿ ಬರೆದೇ ಇಡೋಣ ಅಂದುಕೊಂಡೆ.

ನನ್ನ ಹೆಸರು ಲಿಗೋರಿ. ಊರು ಉಡುಪಿಯ ಹತ್ತಿರ. ಮಂಗಳೂರಿನ ಒಂದು ಹಳೆಯ ಬೇಕರಿಯಲ್ಲಿ ಸೌದೆ ಒಲೆಯ ಮುಂದೆ ಎಂಟು ವರ್ಷ ಬನ್ನು, ರಸ್ಕು, ಖಾರ ಬಿಸ್ಕತ್ತು ಮಾಡಿದೆ. ಆಮೇಲೆ ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಬೇಕರಿಗೆ ಬಂದವನು ಕೊನೆಯವರೆಗೂ ಅಲ್ಲೇ ಉಳಿದೆ. ಮಾಲೀಕರು ಸಾಲಿಂ ಎಂಬ ಒಮಾನಿ. ನಾವೆಲ್ಲ ಅವರನ್ನು ಅರ್ಬಾಬ್, ಅಂದರೆ ಧಣಿ, ಎಂದು ಕರೆಯುತ್ತಿದ್ದೆವು. ಅವರು ಯೌವನದಲ್ಲಿ ಬುಖಾರೆಸ್ಟಿನಲ್ಲಿ ಇಂಜಿನಿಯರಿಂಗ್ ಓದಿದವರು. ಅಲ್ಲಿಯ ಚಳಿಯಲ್ಲಿ ಬೀದಿ ಕಿಟಕಿಯೊಂದರಿಂದ ಕೊಳ್ಳುತ್ತಿದ್ದ ಬಿಸಿ ಕೊವ್ರಿಗ್ ರುಚಿಯನ್ನು ಅವರು ಮರೆತಿರಲಿಲ್ಲ. ಕೊವ್ರಿಗ್ ಎಂದರೆ ಎಳ್ಳು, ಉಪ್ಪು ಉದುರಿಸಿದ ಬಳೆಯಂಥ ಬ್ರೆಡ್. ನಾನು ಸೇರಿ ಐದನೇ ವರ್ಷವೋ ಏನೋ, ಅವರು ರೊಮೇನಿಯಾದಿಂದ ಒಬ್ಬ ಹೆಂಗಸನ್ನು ಬೇಕರಿಯ ಮುಖ್ಯಸ್ಥೆಯಾಗಿ ಕರೆಸಿಕೊಂಡರು. ಅವರೇ ದೋಯ್ನಾ ಮೇಡಂ. ವಯಸ್ಸು ಐವತ್ತರ ಆಸುಪಾಸು, ಗಿಡ್ಡ ದೇಹ, ಮರ ಕಡಿಯುವವರ ಹಾಗೆ ಗಟ್ಟಿ ಮುಂಗೈ. ಇಂಗ್ಲಿಷ್ ಅರ್ಧಂಬರ್ಧ. ಬಂದ ಒಂದೇ ವಾರದಲ್ಲಿ ಬೇಗ ನಡೆಯಿರಿ ಎನ್ನಲು 'ಯಲ್ಲಾ', ಮುಗಿಯಿತು ಎನ್ನಲು 'ಖಲಾಸ್' ಎರಡನ್ನೂ ಕಲಿತು, ಉಳಿದದ್ದನ್ನು ಕೈಯಲ್ಲಿ ತೋರಿಸಿ ಕೆಲಸ ನಡೆಸಿದರು.

ಮೊದಲ ವಾರವೇ ನಾನು ಅವರ ಕೆಲಸ ಕೆಡಿಸಿದೆ. ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ ಹಿಟ್ಟಿಗೆ ಸೇರಿಸಿ, ತಲೆದಿಂಬಿನಷ್ಟು ದೊಡ್ಡ ದುಂಡನೆಯ ಹನ್ನೆರಡು ಬ್ರೆಡ್ಡುಗಳನ್ನು ಓವನ್ನಿನೊಳಗೆ ಇಟ್ಟು ಅವರು ಅರ್ಬಾಬರ ಕೋಣೆಗೆ ಹೋದರು. ಹೋಗುವಾಗ ನನಗೆ ಏನೋ ಹೇಳಿದರು. ಅರ್ಥವಾಗದಿದ್ದರೂ ತಲೆಯಾಡಿಸಿದೆ. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಬಾಗಿಲು ತೆರೆದು ನೋಡಿದರೆ ಎಲ್ಲವೂ ಕೊಳ್ಳಿಯ ಹಾಗೆ ಕಪ್ಪಾಗಿವೆ. ನನಗೆ ಪಾಪ ಅನ್ನಿಸಿತು. ಪರದೇಶದ ಹೆಂಗಸು, ಮೊದಲ ವಾರ, ಅರ್ಬಾಬ್ ನೋಡಿದರೆ ಮರ್ಯಾದೆ ಹೋಗುತ್ತದೆ. ಹನ್ನೆರಡನ್ನೂ ಹೊರತೆಗೆದು ಕಸದ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ.

ಅವರು ಮರಳಿ ಬಂದಾಗ ಕೈಯಲ್ಲಿ ಒಂದು ಮರದ ಕೋಲು ಇತ್ತು.

"ನನ್ನ ಬ್ರೆಡ್ ಎಲ್ಲಿ?" ಎಂದರು.

ಚೀಲ ತೋರಿಸಿದೆ. ಅವರು ಗಂಟು ಬಿಚ್ಚಿ ಒಂದನ್ನು ಬಟ್ಟೆಯಲ್ಲಿ ಹಿಡಿದು ತೆಗೆದು, ಕೋಲಿನಿಂದ ಸುತ್ತಲೂ ಬಡಿದರು. ಕಪ್ಪು ಸಿಪ್ಪೆ ಮರದ ತೊಗಟೆಯಂತೆ ಕಳಚಿ ಬಿತ್ತು. ಒಳಗಿನಿಂದ ಕೆಂಪು ಹೊಂಬಣ್ಣದ ಇನ್ನೊಂದು ಮೈ ಕಾಣಿಸಿಕೊಂಡಿತು. ಅವರ ಊರಿನಲ್ಲಿ ಆ ಬ್ರೆಡ್ಡನ್ನು ಸುಡುವುದೇ ಹಾಗೆ. ಹೊರಮೈ ಬೇಗ ಕರಿಕಾಗಿ ಗಟ್ಟಿಯಾಗುತ್ತದೆ, ಆಲೂಗಡ್ಡೆಯ ಪಸೆ ಒಳಗೇ ಉಳಿಯುತ್ತದೆ. ಎ.ಸಿ. ಗಾಳಿಗೆ ಒಂದೇ ದಿನದಲ್ಲಿ ಎಲ್ಲ ಬ್ರೆಡ್ಡೂ ಒಣಗುವ ಮಸ್ಕತ್ತಿನಲ್ಲಿ ಅದೊಂದು ಮಾತ್ರ ನಾಲ್ಕು ದಿನ ಮೆತ್ತಗೆ ಇರುತ್ತಿತ್ತು.

ಆ ಹನ್ನೆರಡನ್ನೂ ಮಾರುವ ಹಾಗಿರಲಿಲ್ಲ, ಕಸದ ಚೀಲಕ್ಕೆ ಹೋಗಿದ್ದವು. ಮೇಡಂ ಬೈಯಲಿಲ್ಲ. "ನೀನು ಒಳ್ಳೆಯವನು. ಆದರೆ ಕೇಳದೆ ಒಳ್ಳೆಯದು ಮಾಡಬೇಡ" ಎಂದರು. ಅರ್ಥವಾಗದಿದ್ದರೆ ತಲೆಯಾಡಿಸಬೇಡಿ, ಇನ್ನೊಮ್ಮೆ ಕೇಳಿ ಎಂದು ನಾನು ಹೊಸಬರಿಗೆ ಹೇಳುವುದು ಆ ದಿನದಿಂದ.

ನಿಜವಾದ ಪಾಠ ಶುರುವಾದದ್ದು ಕೊಜೊನಾಕ್‌ನಿಂದ. ಅದು ಅವರ ಹಬ್ಬದ ಬ್ರೆಡ್. ಕ್ರಿಸ್ಮಸ್ಸಿಗೂ ಈಸ್ಟರಿಗೂ ಅದಿಲ್ಲದ ಮನೆಯಿಲ್ಲವಂತೆ. ಹಾಲು, ಬೆಣ್ಣೆ, ಸಕ್ಕರೆ, ಬಹಳಷ್ಟು ಮೊಟ್ಟೆಯ ಹಳದಿ ಸೇರಿಸಿ ನಾದಿದ ಹಿಟ್ಟು. ಒಳಗೆ ಅಕ್ರೋಟು ಮತ್ತು ಕೋಕೋ ಹೂರಣ. ಎರಡು ಸುರುಳಿಗಳನ್ನು ಜಡೆಯಂತೆ ಹೊಸೆದು ಎತ್ತರದ ಅಚ್ಚಿನಲ್ಲಿ ಬೇಯಿಸುತ್ತಾರೆ. ನನಗೆ ಬನ್ನು ಗೊತ್ತಿತ್ತು, ಇದೇನು ಮಹಾ ಅಂದುಕೊಂಡೆ. ನನ್ನ ಮೊದಲ ಕೊಜೊನಾಕ್ ಕತ್ತರಿಸಿದಾಗ ಸಿಹಿ ಬನ್ನಿನ ಹಾಗೆ ಪುಡಿ ಉದುರಿತು. ಮೇಡಂ ತಮ್ಮದನ್ನು ಚಾಕು ಮುಟ್ಟದೆ ಕೈಯಲ್ಲಿ ಬಿಡಿಸಿ ತೋರಿಸಿದರು. ಹಲಸಿನ ತೊಳೆಯನ್ನು ಸೀಳಿದಂತೆ ಎಳೆ ಎಳೆಯಾಗಿ ಬಂತು.

"ಎಳೆ ಬಂದರೆ ಕೊಜೊನಾಕ್. ಪುಡಿ ಬಂದರೆ ಕೇಕ್" ಎಂದರು.

ಎಳೆ ಬರಬೇಕಾದರೆ ಹಿಟ್ಟು ಮೊದಲು ಚೆನ್ನಾಗಿ ನಾದಿಸಿಕೊಂಡಿರಬೇಕು, ಬೆಣ್ಣೆ ಆಮೇಲೆ. ನಾನು ಅವಸರಕ್ಕೆ ಬೆಣ್ಣೆಯನ್ನು ಮೊದಲೇ ಸುರಿದಿದ್ದೆ. ಬೆಣ್ಣೆ ಒಳಹೊಕ್ಕ ಹಿಟ್ಟು ಆಮೇಲೆ ಎಷ್ಟು ನಾದಿದರೂ ಬಲ ಹಿಡಿಯುವುದಿಲ್ಲ. ಸ್ವಲ್ಪ ಸ್ವಲ್ಪವೇ ಬೆಚ್ಚಗಿನ ಬೆಣ್ಣೆ ಹಾಕಿ, ಮಡಚಿ, ಗುದ್ದಿ, ಮತ್ತೆ ಮಡಚಬೇಕು. ಹಿಟ್ಟಿನ ಮೈಮೇಲೆ ಗುಳ್ಳೆ ಏಳುವವರೆಗೆ ಕೈ ನಿಲ್ಲಿಸುವ ಹಾಗಿಲ್ಲ. ಇನ್ನೊಂದು ಚಿಕ್ಕ ವಿಷಯ: ಮೊಟ್ಟೆಯ ಹಳದಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕದಡಿ ಮೊದಲೇ ಇಟ್ಟುಬಿಟ್ಟರೆ ಬಣ್ಣ ಗಾಢವಾಗುತ್ತದೆ. ಅರಿಶಿನ ಬೇಡ, ಬಣ್ಣದ ಪುಡಿ ಬೇಡ. ಬೆಂದ ಮೇಲೆ ಅಚ್ಚಿನಿಂದ ತೆಗೆದು ಬಟ್ಟೆಯ ಮೇಲೆ ಪಕ್ಕಕ್ಕೆ ಒರಗಿಸಿ ಮಲಗಿಸಬೇಕು. ನಿಲ್ಲಿಸಿದರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ.

ಕಷ್ಟವಾದದ್ದು ಅವರ ಗಾಳಿಯ ಭಯ. ಕೊಜೊನಾಕ್ ಉಬ್ಬುವಾಗ ಕೋಣೆಯಲ್ಲಿ ಗಾಳಿ ಆಡಬಾರದು, ಬಾಗಿಲು ತೆರೆಯಬಾರದು, ಯಾರೂ ಜೋರಾಗಿ ಮಾತಾಡಲೂ ಬಾರದು. ಜೂನ್ ತಿಂಗಳಲ್ಲಿ ಎ.ಸಿ. ಬಂದ್ ಮಾಡಿಸಿದರು. ನಾವು ಆರು ಜನ ಬೆವರಿ ತೊಪ್ಪೆಯಾದೆವು.

ಆ ಹೊತ್ತಿಗೆ ಒಳಗೆ ಬಂದವನು ಶಿವಾನಂದ. ಗದಗ ಕಡೆಯವನು, ಧಾರವಾಡದಲ್ಲಿ ಓದಿ ಬಂದು ನಮ್ಮಲ್ಲಿ ಸ್ಟೋರ್ಸ್ ಮತ್ತು ಗುಣಮಟ್ಟದ ತಪಾಸಣೆ ನೋಡಿಕೊಳ್ಳುತ್ತಿದ್ದ. ಜೇಬಿನಲ್ಲಿ ಸದಾ ಒಂದು ಥರ್ಮಾಮೀಟರು. ಅದನ್ನು ಹಿಟ್ಟಿಗೆ ಚುಚ್ಚಿ ನೋಡಿ, "ಮೇಡಂ, ನಿಮ್ಮೂರಾಗ ಚಳಿ. ಅಲ್ಲಿ ಗಾಳಿ ಬಿಟ್ರ ಹಿಟ್ಟು ಮಲಗತೈತಿ. ಇಲ್ಲಿ ಎ.ಸಿ. ಬಂದ್ ಮಾಡಿದ್ರ ಬೆಣ್ಣಿ ಕರಗಿ ಹೊರಗ ಬರತೈತಿ" ಎಂದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಒಪ್ಪಲಿಲ್ಲ. ಸಂಜೆಗೆ ಅಚ್ಚುಗಳ ಅಂಚಿನಲ್ಲಿ ಬೆಣ್ಣೆ ನಿಂತದ್ದನ್ನು ತಾವೇ ನೋಡಿದರು. ಮರುದಿನದಿಂದ ಎ.ಸಿ. ಹಾಕಿಯೇ, ಹಿಟ್ಟಿನ ಮೇಲೆ ದಪ್ಪ ಬಟ್ಟೆ ಹೊದಿಸಿ ಮೂಲೆಯಲ್ಲಿ ಇಡುವ ಪದ್ಧತಿ ಬಂತು. ತಮ್ಮ ಅಜ್ಜಿಯ ನಿಯಮವನ್ನು ಒಬ್ಬ ಸ್ಟೋರ್ಸಿನವನ ಮಾತಿಗೆ ಬದಲಿಸಿದ ಮೇಲಧಿಕಾರಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬದಲಿಸಲು ಅವರು ಒಪ್ಪದ ಸಂಗತಿಗಳೂ ಇದ್ದವು. ಅವರ ಕಡೆ ಪರಿಮಳಕ್ಕೆ ಸೇರಿಸುವ ರಮ್ ಇಲ್ಲಿ ಹಾಕುವ ಹಾಗಿಲ್ಲವಲ್ಲ ಎಂದು ನಾನು ಒಮ್ಮೆ ಜಬಲ್ ಅಖ್ದರ್ ಬೆಟ್ಟದ ಗುಲಾಬಿ ನೀರನ್ನು ಕೊಜೊನಾಕ್‌ಗೆ ಸೇರಿಸಿದೆ. ಒಂದು ತುಂಡು ತಿಂದು, "ಇದು ಒಳ್ಳೆಯ ಬ್ರೆಡ್. ಆದರೆ ನಮ್ಮವರು ಕಣ್ಣು ಮುಚ್ಚಿ ತಿಂದರೆ ಮನೆ ನೆನಪಾಗುವುದಿಲ್ಲ" ಎಂದು ತಟ್ಟೆ ಸರಿಸಿದರು. ಕಿತ್ತಳೆ ಸಿಪ್ಪೆಯನ್ನು ಮಾತ್ರ ತುರಿದು ಹಾಕಿದೆವು. ಗಸಗಸೆ ಹೂರಣದ ಆಸೆಯನ್ನು ಅವರು ವಾದಿಸದೆ ಬಿಟ್ಟರು. ಗಸಗಸೆ ಗಂಟು ಕಟ್ಟಿಕೊಂಡು ಕೊಲ್ಲಿಗೆ ಹೋಗಬೇಡಿ, ಅಲ್ಲಿ ಅದು ಅಫೀಮಿನ ಲೆಕ್ಕ, ಜೈಲಿಗೆ ಹಾಕುತ್ತಾರೆ ಎಂದು ನಮ್ಮೂರಿನಲ್ಲಿ ವಿಮಾನ ಹತ್ತುವ ಮೊದಲೇ ಹೇಳಿ ಕಳಿಸುತ್ತಾರೆ. ಅವರಿಗೆ ಹೇಳುವವರು ಯಾರೂ ಇರಲಿಲ್ಲ, ನಾನು ಹೇಳಿದೆ.

ಕೊರ್ನುಲೆತ್ಸೆ ಎಂಬ ಅರ್ಧಚಂದ್ರಾಕಾರದ ಸಣ್ಣ ಸಿಹಿತಿಂಡಿಗೆ ಮೂಲದಲ್ಲಿ ಹಂದಿ ಕೊಬ್ಬು. ಬಾಯಲ್ಲಿಟ್ಟರೆ ಕರಗಿಹೋಗುವ ಗುಣ ಅದರಿಂದಲೇ ಬರುವುದು. ಇಲ್ಲಿ ಅದರ ಮಾತೇ ಇಲ್ಲ. ಬೆಣ್ಣೆ ಹಾಕಿದರೆ ಗಟ್ಟಿ, ವನಸ್ಪತಿ ಹಾಕಿದರೆ ನಾಲಗೆಗೆ ಮೇಣದಂತೆ ಅಂಟುತ್ತದೆ. ಕೊನೆಗೆ ತುಪ್ಪವನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿಮಾಡಿ ಮೈದಾದಲ್ಲಿ ಉಜ್ಜಿದೆ. ನಮ್ಮ ನಾನ್‌ಖಟಾಯಿ ಮಾಡುವ ಕ್ರಮವೇ ಅದು. ಮೇಡಂ ತಿಂದು ಇನ್ನೊಂದು ತೆಗೆದುಕೊಂಡರು. ಒಳಗೆ ತುಂಬುವ ಮಿಠಾಯಿಯ ಬದಲು ಹಲ್ವ ಹಾಕಿ ನೋಡಿ ಎಂದವರು ಅರ್ಬಾಬ್. ಬರ್ಕಾ ಊರಿನ ಒಬ್ಬ ಹಲ್ವ ಮಾಡುವವರಿಗೆ ಹೇಳಿ ಸ್ವಲ್ಪ ಗಟ್ಟಿಯಾಗಿ ಕಾಯಿಸಿ ತರಿಸಿದರು. ಒಮಾನಿ ಮನೆಗಳ ಮದುವೆಗೆ ಕೊರ್ನುಲೆತ್ಸೆ ಹೋಗಲು ಶುರುವಾದದ್ದು ಹಾಗೆ. ಅದು ರೊಮೇನಿಯಾದ್ದು ಎಂದು ಆ ಮನೆಯವರಿಗೆ ತಿಳಿದಿರಲೇ ಇಲ್ಲ.

ಈಗ ಅಕ್ರೋಟಿನ ವಿಷಯ. ಬರೆಯದೆ ಬಿಡಬಹುದಿತ್ತು. ಆದರೆ ಹೊಸಬರಿಗೆ ಹೇಳಬೇಕಾದದ್ದು ನನ್ನ ಹತ್ತಿರ ಅದೊಂದೇ ಇದೆ ಎಂದರೂ ಸುಳ್ಳಲ್ಲ.

ಮೇಡಂ ಅವರದು ಆರ್ಥೊಡಾಕ್ಸ್ ಪಂಥ, ಅವರ ಈಸ್ಟರ್ ಒಮ್ಮೊಮ್ಮೆ ನಮ್ಮ ಕ್ಯಾಥೋಲಿಕರ ಈಸ್ಟರಿನ ನಂತರ ಬರುತ್ತದೆ. ಅದರ ಹಿಂದಿನ ಏಳು ವಾರ ನೇಮವಿದ್ದವರು ಹಾಲು, ಮೊಟ್ಟೆ, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಉಪವಾಸ ಮುರಿಯುವುದು ಕೊಜೊನಾಕ್ ತಿಂದು. ಆ ವರ್ಷ ಒಮಾನಿನಲ್ಲಿದ್ದ ರೊಮೇನಿಯಾದವರು ಎಲ್ಲ ಸೇರಿ ನಮಗೆ ದೊಡ್ಡ ಆರ್ಡರ್ ಕೊಟ್ಟಿದ್ದರು. ಬರಬೇಕಾದ ಅಕ್ರೋಟು ಬಂದರಿನಲ್ಲಿ ತಡವಾಯಿತು. ನಾನೇ ಮತ್ರಾದ ಪೇಟೆಗೆ ಹೋಗಿ, ಓಣಿ ಓಣಿ ಅಲೆದು, ರುಚಿ ನೋಡಿ ಎರಡು ಮೂಟೆ ತಂದೆ. ಒಳ್ಳೆಯ ಮಾಲು. ಅಂಗಡಿಯವರ ತಪ್ಪು ಏನೂ ಇರಲಿಲ್ಲ.

ತಂದ ದಿನ ಚಳಿ ಕೋಣೆಯಲ್ಲಿ ಜಾಗವಿರಲಿಲ್ಲ. ಬೆಣ್ಣೆಯ ಪೆಟ್ಟಿಗೆಗಳನ್ನು ಸರಿಸಿದ್ದರೆ ಆಗುತ್ತಿತ್ತು. ನಾಳೆ ಸರಿಸಿದರಾಯಿತು ಎಂದು ಮೂಟೆಗಳನ್ನು ಓವನ್ನಿನ ಹಿಂದಿನ ಗೋಡೆಗೆ ಒರಗಿಸಿಟ್ಟೆ. ಮರುದಿನ ಮರೆತೆ. ಹೀಗೆ ಐದು ದಿನ ಅವು ಆ ಕಾವಿನಲ್ಲಿ ಕುಳಿತಿದ್ದವು. ನೆನಪಾದಾಗ ತೆಗೆದುಕೊಂಡು ಹೋಗಿ ಚಳಿ ಕೋಣೆಗೆ ಹಾಕಿದೆ.

ಶಿವಾನಂದ ಬಂದು ಚೀಟಿ ಅಂಟಿಸುವಾಗ ಕೇಳಿದ, "ಲಿಗೋರಿಯವರ, ತಂದ ದಿನದಿಂದ ಇಲ್ಲೇ ಇಟ್ಟೀರೇನು?"

"ಹೌದು" ಎಂದೆ.

"ನೀವು ಹೇಳಿದ್ರ ಮುಗೀತು ಬಿಡ್ರಿ" ಎಂದು ಸಹಿ ಹಾಕಿದ.

ಅರೆಯುವ ದಿನ ನನಗೆ ಶೀತವಾಗಿ ಮೂಗು ಕಟ್ಟಿತ್ತು. ಅಕ್ರೋಟಿನಲ್ಲಿ ಎಣ್ಣೆ ಜಾಸ್ತಿ, ಕಾವಿಗೆ ಕಮಟು ಹಿಡಿಯುತ್ತದೆ. ಕೋಕೋದ ವಾಸನೆ ಅದನ್ನು ಮುಚ್ಚಿತು. ಮೇಡಂ ಹಿಟ್ಟಿನ ಕಡೆ ಇದ್ದರು, ಹೂರಣ ನನ್ನದು. ಒಂದು ಬೆರಳು ನಾಲಗೆಗೆ ಹಚ್ಚಿ ನೋಡಿದೆನೋ ಇಲ್ಲವೋ ನೆನಪಿಲ್ಲ. ನೋಡಿದ್ದರೂ ರುಚಿ ಗೊತ್ತಾಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬೇರೆಯವರ ಬಾಯಿಗೆ ಕೊಟ್ಟು ನೋಡಬೇಕಿತ್ತು.

ಈಸ್ಟರಿನ ಮರುದಿನ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಯಾರೂ ಜಗಳವಾಡಲಿಲ್ಲ. ಒಬ್ಬ ಹೆಂಗಸು ಅಂಗಡಿಗೇ ಬಂದು, ಒಂದು ತುಂಡು ಮಾತ್ರ ಕತ್ತರಿಸಿದ್ದ ಕೊಜೊನಾಕನ್ನು ಮೇಜಿನ ಮೇಲಿಟ್ಟು, "ದೋಯ್ನಾ, ನೀನು ತಿಂದು ನೋಡು" ಎಂದಳು. ಮೇಡಂ ತಿಂದರು. ಬಾಯಲ್ಲಿದ್ದುದನ್ನು ಕಾಗದಕ್ಕೆ ಉಗುಳಿದರು. ತಮ್ಮ ಪಾಲಿನದನ್ನು ಅವರು ಇನ್ನೂ ಕತ್ತರಿಸಿರಲಿಲ್ಲ. ಹಬ್ಬದ ದಿನ ಸುಸ್ತಾಗಿ ಮಲಗಿಬಿಟ್ಟಿದ್ದರಂತೆ.

ಅರ್ಬಾಬ್ ಎಲ್ಲರನ್ನೂ ಕರೆದರು. ಅವರು ದನಿ ಎತ್ತುವವರಲ್ಲ. ಚಳಿ ಕೋಣೆಯ ಚೀಟಿಯನ್ನು ಮೇಜಿನ ಮೇಲಿಟ್ಟು, "ಇದು ಯಾರ ಸಹಿ?" ಎಂದು ಹಿಂದಿಯಲ್ಲಿ ಕೇಳಿದರು.

"ನನ್ನದು" ಎಂದ ಶಿವಾನಂದ.

"ಮಾಲು ಪರೀಕ್ಷೆ ಮಾಡಿದೆಯಾ?"

ಶಿವಾನಂದ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. "ಇಲ್ಲ" ಎಂದ ಆತ. ನನ್ನ ಹೆಸರು ಹೇಳಲಿಲ್ಲ.

"ಖಲಾಸ್" ಎಂದರು ಅರ್ಬಾಬ್. "ತಿಂಗಳ ಕೊನೆಗೆ ವೀಸಾ ರದ್ದು."

ಶಿವಾನಂದನ ಮಗಳು ಆಗ ಹತ್ತನೇ ತರಗತಿಗೆ ಕಾಲಿಟ್ಟಿದ್ದಳು. ಪುಸ್ತಕಗಳಿಗೆ ಬೈಂಡು ಹಾಕಿದ್ದು ಅದೇ ವಾರ. ಅವರ ಮನೆ ನಮ್ಮ ಕಟ್ಟಡದಲ್ಲೇ, ಒಂದು ಮಹಡಿ ಕೆಳಗೆ. ಮೊದಲ ದಿನ ನಾನು ಊಟ ಬಿಟ್ಟೆ. ಎರಡನೇ ದಿನವೂ ಬಿಟ್ಟಾಗ ನನ್ನ ಹೆಂಡತಿ ಸೆವ್ರಿನ್ ಕೇಳಿದಳು. ಹೇಳಿದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿ, ಕೊಂಕಣಿಯಲ್ಲಿ, "ಕೆಳಗಿನ ಮನೆಯವಳು ಬೆಳಗ್ಗೆ ನನ್ನ ಹತ್ತಿರ ಖಾಲಿ ಪೆಟ್ಟಿಗೆಗಳು ಇವೆಯಾ ಅಂತ ಕೇಳಿದಳು. ಸಾಮಾನು ಕಟ್ಟಲಿಕ್ಕೆ. ನಾನು ಎರಡು ಕೊಟ್ಟೆ. ಈಗ ನೀವು ಇದನ್ನು ಹೇಳ್ತೀರಿ" ಎಂದಳು. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು, "ನೀವು ಹೇಳದಿದ್ದರೆ ನಾನೇ ಹೋಗಿ ಹೇಳ್ತೇನೆ" ಎಂದಳು.

ಬೆಳಗ್ಗೆ ಬೇಕರಿಗೆ ಹೋಗಿ ಮೊದಲು ಮೇಡಂಗೆ ಹೇಳಿದೆ. ಅವರು ಹಿಟ್ಟು ನಾದುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ನನಗೆ ಯಾಕೆ ಹೇಳುತ್ತೀ? ನಾನು ಪಾದ್ರಿಯಲ್ಲ. ಅರ್ಬಾಬ್ ಮೇಲೆ ಇದ್ದಾರೆ" ಎಂದರು.

ಅರ್ಬಾಬ್ ಪೂರ್ತಿ ಕೇಳಿಸಿಕೊಂಡರು. "ಎರಡು ದಿನ ಯಾಕೆ ಸುಮ್ಮನಿದ್ದೆ?" ಎಂದರು.

"ಹೆದರಿಕೆಯಾಯಿತು."

"ಅವನಿಗೆ ಹೆದರಿಕೆ ಇರಲಿಲ್ಲವಾ?"

ಅವರು ಶಿವಾನಂದನನ್ನು ಕರೆಸಿ, ನನ್ನ ಎದುರಿಗೇ, ವೀಸಾ ರದ್ದು ಮಾಡುವುದಿಲ್ಲ ಎಂದರು. ಮೂಸಿ ನೋಡದೆ ಸಹಿ ಹಾಕಿದ್ದು ನಿನ್ನ ತಪ್ಪು, ಅದು ಅಷ್ಟಕ್ಕೆ ಮುಗಿಯಿತು ಎಂದರು. ನನಗೆ ಆರು ತಿಂಗಳು ಹೂರಣ, ಹಿಟ್ಟು ಎರಡನ್ನೂ ಮುಟ್ಟಬಾರದು, ಅಚ್ಚು ತೊಳೆಯಬೇಕು ಎಂದಾಯಿತು. ಮೇಡಂ ಅದೇ ವಾರ ಹೊಸ ಅಕ್ರೋಟು ತರಿಸಿ ಅಷ್ಟೂ ಕೊಜೊನಾಕನ್ನು ಮತ್ತೆ ಮಾಡಿದರು. ಅವನ್ನು ಮನೆ ಮನೆಗೆ ಮುಟ್ಟಿಸಿ, ತಪ್ಪು ನನ್ನದು ಎಂದು ಬಾಗಿಲಲ್ಲಿ ನಿಂತು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೆಚ್ಚಿನವರು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಅದಕ್ಕಿಂತ ಬೈದಿದ್ದರೆ ಸುಲಭವಾಗುತ್ತಿತ್ತು.

ಶಿವಾನಂದನ ಹತ್ತಿರ ಕ್ಷಮೆ ಕೇಳಿದಾಗ ಆತ ಹೇಳಿದ್ದು ಇಷ್ಟು: "ನೀವು ಬಂದು ಹೇಳಿದ್ರಿ, ಅದು ದೊಡ್ಡದ ಆತು. ಆದ್ರ ಎರಡ ದಿನ ನಮ್ಮ ಮನ್ಯಾಗ ಒಲಿ ಹಚ್ಚಿಲ್ರಿ. ಅದನ್ನ ಒಮ್ಮೆಲೆ ಮರೀರಿ ಅಂದ್ರ ಹೆಂಗ ಮರೀಲಿ?"

ಮರೀಬೇಡಿ ಎಂದೆ. ಆಮೇಲೆ ಎಂಟು ತಿಂಗಳು ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಆತ ನಾನು ಹೊತ್ತು ತಂದ ಪ್ರತಿಯೊಂದು ಚೀಲವನ್ನೂ ಬಿಚ್ಚಿಸಿ, ಮೂಸಿ, ತಿಂದು ನೋಡಿಯೇ ಒಳಗೆ ಬಿಡುತ್ತಿದ್ದ. ಸಂಕ್ರಾಂತಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಕಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟು, "ತಿನ್ರಿ, ನಿಮ್ಮ ಕೊವ್ರಿಗಿಗಿಂತ ನಮ್ಮ ಎಳ್ಳಿನ ರೊಟ್ಟಿ ಗಟ್ಟಿ ಐತಿ" ಎಂದ. ಅಲ್ಲಿಂದ ಮಾತು ಮತ್ತೆ ಶುರುವಾಯಿತು.

ನಾನು ಹಿಟ್ಟಿಗೆ ಮರಳುವ ಹೊತ್ತಿಗೆ ದೊಡ್ಡ ಮಿಕ್ಸರ್ ಬಂದಿತ್ತು. ಕೈಯಲ್ಲಿ ನಾದಿದ್ದೇ ಶ್ರೇಷ್ಠ ಎಂದು ನಾನು ವಾದಿಸಿದೆ. ಯಂತ್ರ ಬೇಕು ಎಂದವರು ಮೇಡಂ. "ನನ್ನ ಭುಜ ನೋಡು" ಎಂದು ಕೈ ಎತ್ತಲು ಹೋದರು, ಕಿವಿಯ ಮಟ್ಟಕ್ಕಿಂತ ಮೇಲೆ ಏರಲಿಲ್ಲ. "ನನ್ನ ಅಮ್ಮನಿಗೂ ಹೀಗೇ. ಅಜ್ಜಿಗೂ ಹೀಗೇ. ಹಿಟ್ಟಿಗೆ ಗೊತ್ತಾಗುವುದಿಲ್ಲ ಯಾರು ನಾದಿದ್ದು ಅಂತ." ಅವರು ಹೇಳಿದ್ದು ನಿಜ. ಯಂತ್ರ ತಿರುಗುವಾಗ ಹಿಟ್ಟು ಬಿಸಿಯಾಗುತ್ತದೆ, ಅದಕ್ಕಾಗಿ ಹಾಲನ್ನು ತಣ್ಣಗೆ ಮಾಡಿ ಹಾಕಬೇಕು, ಅಷ್ಟೇ ವ್ಯತ್ಯಾಸ. ಎಳೆ ಅಷ್ಟೇ ಚೆನ್ನಾಗಿ ಬಂತು. ಹಿಟ್ಟನ್ನು ಬೇಗ ಉಬ್ಬಿಸುವ ಪುಡಿಯನ್ನು ಮಾತ್ರ ಅವರು ಒಳಗೆ ಬಿಡಲಿಲ್ಲ. ಎರಡು ಗಂಟೆ ಕಾಯಲು ಆಗದಿದ್ದವನು ಬಿಸ್ಕತ್ತು ಮಾಡಲಿ ಎನ್ನುತ್ತಿದ್ದರು.

ಕೊನೆಯದಾಗಿ ಕೊಲಾಕ್ ಬಗ್ಗೆ ಹೇಳಬೇಕು.

ಬಕ್ರೀದ್ ರಜೆಯ ಮೊದಲ ದಿನ ಮೇಡಂ ಅವರ ಅಮ್ಮ ತೀರಿಕೊಂಡ ಸುದ್ದಿ ಬಂತು. ಅವರ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆ ಹೋಗಿತ್ತು, ಕಚೇರಿಗಳೆಲ್ಲ ಮುಚ್ಚಿದ್ದವು. ಅರ್ಬಾಬ್ ಹಬ್ಬದ ಮನೆಯಿಂದಲೇ ಯಾರ್ಯಾರಿಗೋ ಫೋನ್ ಮಾಡಿದರು, ಆಗಲಿಲ್ಲ. ಮೇಡಂ ಅವರ ಊರಿನ ಕಡೆ ಮೂರನೇ ದಿನ ಮಣ್ಣು ಮಾಡುತ್ತಾರೆ. ಹೋಗಿ ತಲುಪುವ ಮಾತೇ ಇರಲಿಲ್ಲ.

ಮೂರನೇ ದಿನ ಬೆಳಗ್ಗೆ ಮೇಡಂ ಬೇಕರಿಗೆ ಬಂದರು. ಸತ್ತವರ ಹೆಸರಿನಲ್ಲಿ ಹಂಚುವ ಬ್ರೆಡ್ ಮಾಡಬೇಕು ಎಂದರು. ಅದರ ಹೆಸರು ಕೊಲಾಕ್. ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ, ಸಕ್ಕರೆಯಿಲ್ಲ. ಹಿಟ್ಟು, ನೀರು, ಉಪ್ಪು, ಯೀಸ್ಟು, ಒಂದು ಚೂರು ಎಣ್ಣೆ. ಮೂರು ಎಳೆ ಹೆಣೆದು ಕಂಕಣದಂತೆ ತುದಿ ಸೇರಿಸುವುದು. ಹಿಟ್ಟು ಕಲಸಿದರು, ಎಳೆ ಎಳೆದರು. ಹೆಣೆಯಲು ಕುಳಿತಾಗ ಬೆರಳು ಓಡಲಿಲ್ಲ. ಯಾವ ಎಳೆ ಯಾವುದರ ಮೇಲೆ ಹೋಗಬೇಕು ಎಂಬುದೇ ಅವರಿಗೆ ಮರೆತುಹೋಗಿತ್ತು. ಮೂರು ಸಲ ಬಿಚ್ಚಿದರು.

"ಮೇಡಂ, ನಾನು ಹೆಣೆಯಲಾ?" ಎಂದು ಕೇಳಿದೆ.

ಅವರು ಕುರ್ಚಿ ಸರಿಸಿ ಜಾಗ ಕೊಟ್ಟರು. ಯಾರೂ ಹೇಳಿ ಕಳಿಸದಿದ್ದರೂ ಶಿವಾನಂದ ಬಂದಿದ್ದ. ಹಿಟ್ಟಿನ ಚೀಲ ಬಿಚ್ಚಿ ಮೂಸಿ ನೋಡಿ, ಆಮೇಲೆ ಓವನ್ನಿನ ಪಕ್ಕ ನಿಂತು ಒಂದೊಂದೇ ಟ್ರೇ ತೆಗೆದ. ರಜೆ ಸಿಗದೆ ಕೆಲಸಕ್ಕೆ ಬಂದಿದ್ದ ಹದಿನಾಲ್ಕು ಜನರಿದ್ದರು, ಮಲಯಾಳಿಗಳು, ಬಾಂಗ್ಲಾದವರು, ಕೌಂಟರಿನ ಇಬ್ಬರು ಒಮಾನಿ ಹೆಣ್ಣುಮಕ್ಕಳು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮೇಡಂ ಒಂದು ಮೇಣದ ಬತ್ತಿ ಹಚ್ಚಿ ಮೇಜಿನ ಮೇಲಿಟ್ಟು, ಒಬ್ಬೊಬ್ಬರ ಕೈಗೆ ಒಂದೊಂದು ಕೊಲಾಕ್ ಕೊಟ್ಟರು. ಕೊಡುವಾಗ ತಮ್ಮ ಅಮ್ಮನ ಹೆಸರು ಹೇಳುತ್ತಿದ್ದರು: ಮರಿಯಾ.

ತೆಗೆದುಕೊಂಡವರು ಏನೋ ಒಂದು ಹೇಳಬೇಕಂತೆ, ದೇವರು ಅವರನ್ನು ಕ್ಷಮಿಸಲಿ ಎಂಬ ಅರ್ಥದ ಮಾತು. ಅವರ ಭಾಷೆಯ ಆ ಮಾತು ನಮಗೆ ಯಾರಿಗೂ ಬಾಯಿಗೆ ಬರಲಿಲ್ಲ. "ನಿಮ್ಮದನ್ನೇ ಹೇಳಿ" ಎಂದರು ಮೇಡಂ. ಒಮಾನಿ ಹೆಣ್ಣುಮಕ್ಕಳು 'ಅಲ್ಲಾಹ್ ಯರ್ಹಮ್ಹಾ', ದೇವರು ಆಕೆಗೆ ಕರುಣೆ ತೋರಲಿ, ಎಂದರು. ಶಿವಾನಂದ ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ನಾನು ಕೊಂಕಣಿಯಲ್ಲಿ ಸತ್ತವರಿಗಾಗಿ ಮಾಡುವ ಚಿಕ್ಕ ಪ್ರಾರ್ಥನೆ ಹೇಳಿದೆ. ಅಷ್ಟು ಹೊತ್ತಿಗೆ ಅರ್ಬಾಬ್ ಹಬ್ಬದ ಬಟ್ಟೆಯಲ್ಲೇ ಒಳಗೆ ಬಂದು, ಸಾಲಿನ ಕೊನೆಯಲ್ಲಿ ನಿಂತು, ಬಲಗೈ ಚಾಚಿ ತಮ್ಮ ಪಾಲನ್ನು ತೆಗೆದುಕೊಂಡರು. ಬುಖಾರೆಸ್ಟಿನಲ್ಲಿ ಕಲಿತಿದ್ದ ಆ ರೊಮೇನಿಯನ್ ಮಾತನ್ನು ಅವರು ಸರಿಯಾಗಿ ಹೇಳಿದರು. ಅದನ್ನು ಕೇಳಿ ಮೇಡಂ ಮೊದಲ ಸಲ ಅತ್ತರು.

ನಾವೆಲ್ಲ ಹಿಟ್ಟಿನ ಮೂಟೆಗಳ ಮೇಲೆ, ಸ್ಟೂಲುಗಳ ಮೇಲೆ ಕುಳಿತು ತಿನ್ನುತ್ತಿದ್ದೆವು. ಅಷ್ಟರಲ್ಲಿ ಊರಿನಿಂದ ಮೇಡಂ ಅವರ ತಮ್ಮನ ಫೋನ್ ಬಂತು. ಮಣ್ಣು ಮಾಡಿ ಆಗಿತ್ತು, ಅಲ್ಲಿ ನೆರೆಹೊರೆಯವರಿಗೆಲ್ಲ ಹಂಚಿ ಆಗಿತ್ತು. ನೀನು ಅಲ್ಲಿ ಯಾರಿಗೆ ಕೊಟ್ಟೆ ಎಂದು ತಮ್ಮ ಕೇಳಿದನಂತೆ. ಮೇಡಂ ನಮ್ಮ ಕಡೆ ತಿರುಗಿ, ಕುಳಿತಿದ್ದವರನ್ನು ಒಂದು ತುದಿಯಿಂದ ನೋಡುತ್ತ, ನಿಧಾನವಾಗಿ ಒಂದೊಂದೇ ಹೆಸರು ಹೇಳತೊಡಗಿದರು. ಅವರ ಮಾತಿನಲ್ಲಿ ನಮಗೆ ತಿಳಿಯುತ್ತಿದ್ದುದು ಹೆಸರುಗಳು ಮಾತ್ರ. ತಮ್ಮ ಹೆಸರು ಕೇಳಿಸಿದವರು ತಲೆಯೆತ್ತಿ ಅವರ ಕಡೆ ಒಮ್ಮೆ ನೋಡಿ, ಮತ್ತೆ ತಿನ್ನುತ್ತಿದ್ದರು.